ಮಹಾಪಧಮನಿಗೆ ಸ್ಟೆಂಟ್ ಗ್ರಾಫ್ಟ್ ಹಾಕಿದ ಮೇಲೆ: ಯಾವ ಸ್ಕ್ಯಾನ್, ಯಾವಾಗ, ವರದಿಯಲ್ಲಿ ಏನು ನೋಡಬೇಕು

ಹೃದಯದಿಂದ ಹೊರಡುವ ಅತಿ ದೊಡ್ಡ ರಕ್ತನಾಳವಾದ ಮಹಾಪಧಮನಿ ಉಬ್ಬಿದಾಗ, ಅಂದರೆ ಅನ್ಯೂರಿಸಂ ಆದಾಗ, ಹೊಟ್ಟೆ ಕೊಯ್ಯದೆ ತೊಡೆಸಂದಿಯ ರಕ್ತನಾಳದಿಂದ ಒಳಹೊಕ್ಕು ಸ್ಟೆಂಟ್ ಗ್ರಾಫ್ಟ್ ಕೂರಿಸುವ ವಿಧಾನಕ್ಕೆ ಈವಾರ್ ಎನ್ನುತ್ತಾರೆ. ಎದೆಯ ಭಾಗದಲ್ಲಿ ಕೂರಿಸಿದರೆ ಅದು ಟೀವಾರ್. ಗಾಯ ಸಣ್ಣದು, ರೋಗಿ ಕೆಲವೇ ದಿನಗಳಲ್ಲಿ ನಡೆದುಕೊಂಡು ಮನೆಗೆ ಹೋಗುತ್ತಾರೆ. ಹಾಗಾಗಿ ಎಲ್ಲ ಮುಗಿಯಿತು ಅನ್ನಿಸುವುದು ಸಹಜ. ಆದರೆ ಉಬ್ಬಿದ ಚೀಲ ಇದ್ದಲ್ಲೇ ಇದೆ. ತೂತುಬಿದ್ದ ಹಳೇ ಪೈಪಿನೊಳಗೆ ಹೊಸ ಪೈಪು ತೂರಿಸಿದ ಹಾಗೆ, ಬಟ್ಟೆ ಹೊದಿಸಿದ ಲೋಹದ ನಾಳವೊಂದು ರಕ್ತವನ್ನು ಆ ಚೀಲಕ್ಕೆ ತಾಗದಂತೆ ಸಾಗಿಸುತ್ತಿದೆ, ಅಷ್ಟೇ. ತೆರೆದ ಶಸ್ತ್ರಚಿಕಿತ್ಸೆಯಲ್ಲಿರುವಂಥ ಹೊಲಿಗೆ ಇಲ್ಲಿಲ್ಲ. ಗ್ರಾಫ್ಟಿನ ತುದಿಗಳು ಆರೋಗ್ಯವಂತ ನಾಳದ ಗೋಡೆಗೆ ಒತ್ತಿಕೊಂಡು ನಿಂತಿರುವುದೇ ಆಧಾರ. ಆ ಹಿಡಿತ ಸಡಿಲಾದರೆ, ಭಾಗಗಳು ಕಳಚಿಕೊಂಡರೆ, ಬಟ್ಟೆ ಹರಿದರೆ, ರಕ್ತ ಮತ್ತೆ ಚೀಲಕ್ಕೆ ನುಗ್ಗುತ್ತದೆ. ಇದಾವುದೂ ಹೊರಗೆ ಗೊತ್ತಾಗುವುದಿಲ್ಲ. ನೋವಿರುವುದಿಲ್ಲ, ಬಿಪಿ ಬದಲಾಗುವುದಿಲ್ಲ.

ಹ್ವಾನ್ ಪರೋಡಿ 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹೊಟ್ಟೆಯ ಅನ್ಯೂರಿಸಂಗೆ ಈ ಚಿಕಿತ್ಸೆ ಮಾಡಿದ ಮೇಲೆ ಅದು ಜಗತ್ತಿನಾದ್ಯಂತ ಹಬ್ಬಿತು. ಬ್ರಿಟನ್ನಿನ ಈವಾರ್-1 ಅಧ್ಯಯನ 1999ರಿಂದ 2004ರವರೆಗೆ 1,252 ರೋಗಿಗಳನ್ನು ಸೇರಿಸಿಕೊಂಡು, ಅವರನ್ನು ದೀರ್ಘಕಾಲ ಗಮನಿಸಿತು. ಮೊದಲ ತಿಂಗಳುಗಳಲ್ಲಿ, ತೆರೆದ ಶಸ್ತ್ರಚಿಕಿತ್ಸೆ ಆದವರಿಗಿಂತ ಈವಾರ್ ಆದವರಲ್ಲಿ ಸಾವು ಕಡಿಮೆ. ಎಂಟು ವರ್ಷ ದಾಟಿದ ಮೇಲೆ ಲೆಕ್ಕ ತಿರುಗಿಬಿದ್ದಿತು: ಅನ್ಯೂರಿಸಂನಿಂದಾದ ಸಾವು ಈವಾರ್ ಗುಂಪಿನಲ್ಲೇ ಹೆಚ್ಚು, ಮುಖ್ಯ ಕಾರಣ ಉಳಿದುಹೋದ ಚೀಲ ಒಡೆದದ್ದು. ಸ್ಕ್ಯಾನ್ ಜೀವನಪರ್ಯಂತ ಬೇಕು ಎನ್ನುವುದು ಇದಕ್ಕೇ.

ಮೊದಲು ಕಾಗದಪತ್ರ

ಆಸ್ಪತ್ರೆಯಿಂದ ಹೊರಡುವ ಮುಂಚೆ ನಾಲ್ಕು ವಸ್ತುಗಳನ್ನು ಕೇಳಿ ಪಡೆಯಿರಿ. ಇಂಪ್ಲಾಂಟ್ ಕಾರ್ಡ್: ಗ್ರಾಫ್ಟಿನ ಕಂಪನಿ, ಮಾದರಿ, ಅಳತೆ, ಸೀರಿಯಲ್ ನಂಬರ್, ಎಷ್ಟು ತುಂಡು ಹಾಕಿದ್ದಾರೆ ಎಂಬುದೆಲ್ಲ ಅದರಲ್ಲಿ ಇರಬೇಕು. ಕೆಲವು ಮಾದರಿಗಳ ಬಗ್ಗೆ ವರ್ಷಗಳ ನಂತರ ಸುರಕ್ಷತಾ ಎಚ್ಚರಿಕೆ ಬಂದದ್ದುಂಟು. ಆಗ ನಿಮ್ಮದು ಯಾವುದು ಎಂದು ಗೊತ್ತಿಲ್ಲದಿದ್ದರೆ ಎಚ್ಚರಿಕೆ ಇದ್ದೂ ಪ್ರಯೋಜನವಿಲ್ಲ. ಎರಡನೆಯದು, ಡಿಸ್ಚಾರ್ಜ್ ಸಮ್ಮರಿ. ಯಾವುದಾದರೂ ಕವಲು ನಾಳವನ್ನು ಕಾಯಿಲ್ (ಲೋಹದ ಸಣ್ಣ ಸುರುಳಿ) ಇಟ್ಟು ಮುಚ್ಚಿದ್ದಾರೆಯೇ ಎಂಬುದು ಅದರಲ್ಲಿ ಬರೆದಿರಲಿ. ಮೂರನೆಯದು, ಚಿಕಿತ್ಸೆಗೆ ಮುಂಚಿನ ಸಿಟಿ. ನಾಲ್ಕನೆಯದು, ಪ್ರೊಸೀಜರ್ ಕೊನೆಯಲ್ಲಿ ತೆಗೆದ ಆಂಜಿಯೋಗ್ರಾಂ ಚಿತ್ರಗಳು.

ಚಿತ್ರಗಳನ್ನು ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ, ಡೈಕಾಮ್ ಎಂಬ ಮೂಲ ಡಿಜಿಟಲ್ ರೂಪದಲ್ಲಿ ಪಡೆಯಿರಿ. ಮುದ್ರಿಸಿದ ಫಿಲ್ಮ್ ಹಾಳೆ ನೋಡುವುದಕ್ಕೆ ಚೆನ್ನ, ಮುಂದಿನ ವರ್ಷ ಅದರ ಮೇಲೆ ಯಾರೂ ಸರಿಯಾಗಿ ಅಳೆಯಲಾರರು.

ವೇಳಾಪಟ್ಟಿ

ಮೊದಲ ಸಿಟಿ ಆಂಜಿಯೋ, ಅಂದರೆ ರಕ್ತನಾಳ ಬೆಳ್ಳಗೆ ಕಾಣುವಂತೆ ಕಾಂಟ್ರಾಸ್ಟ್ ಎಂಬ ದ್ರಾವಣವನ್ನು ಸೂಜಿಯಿಂದ ಬಿಟ್ಟು ತೆಗೆಯುವ ಸಿಟಿ, 30 ದಿನದೊಳಗೆ. ಇದನ್ನು ಯಾವ ಕಾರಣಕ್ಕೂ ಬಿಡಬೇಡಿ. ಗ್ರಾಫ್ಟ್ ಮೇಲೂ ಕೆಳಗೂ ಎಷ್ಟು ಉದ್ದ ಗೋಡೆಗೆ ಅಂಟಿ ನಿಂತಿದೆ, ತುಂಡುಗಳು ಒಂದರೊಳಗೊಂದು ಸಾಕಷ್ಟು ಸೇರಿವೆಯೇ, ಕಿಡ್ನಿಯ ನಾಳಗಳು ತೆರೆದಿವೆಯೇ, ಚೀಲದ ಅಗಲ ಎಷ್ಟು ಎಂಬುದು ಇಲ್ಲಿ ದಾಖಲಾಗುತ್ತದೆ. ಮುಂದಿನ ಎಲ್ಲ ಸ್ಕ್ಯಾನ್‌ಗಳನ್ನೂ ಇದರ ಪಕ್ಕದಲ್ಲಿಟ್ಟೇ ನೋಡಬೇಕು.

ನಂತರದ ದಾರಿ ಈ ಮೊದಲ ಸಿಟಿಯ ಮೇಲೆ ನಿಂತಿದೆ. ಅಮೆರಿಕದ ರಕ್ತನಾಳ ಶಸ್ತ್ರತಜ್ಞರ ಸಂಘದ 2018ರ ಮಾರ್ಗಸೂಚಿಯಂತೆ, ಸೋರಿಕೆ, ಅಂದರೆ ಚೀಲದೊಳಕ್ಕೆ ರಕ್ತ ನುಗ್ಗುವುದು, ಇಲ್ಲದಿದ್ದರೆ ಮುಂದಿನ ಸ್ಕ್ಯಾನ್ 12ನೇ ತಿಂಗಳಿಗೆ. ಆಗಲೂ ಎಲ್ಲ ಸರಿಯಿದ್ದರೆ ವರ್ಷಕ್ಕೊಮ್ಮೆ ಡಾಪ್ಲರ್ (ರಕ್ತದ ಹರಿವನ್ನೂ ತೋರಿಸುವ ಅಲ್ಟ್ರಾಸೌಂಡ್), ಐದು ವರ್ಷಕ್ಕೊಮ್ಮೆ ಇಡೀ ಮಹಾಪಧಮನಿಯ ಕಾಂಟ್ರಾಸ್ಟ್ ಇಲ್ಲದ ಸಿಟಿ. ಮೊದಲ ತಿಂಗಳಲ್ಲಿ ಎರಡನೇ ವಿಧದ ಸೋರಿಕೆ (ವಿಧಗಳ ವಿವರ ಮುಂದಿದೆ) ಕಂಡಿದ್ದರೆ ಮಾತ್ರ ನಡುವೆ 6ನೇ ತಿಂಗಳಿಗೊಂದು. ಹಿಂದೆ ಎಲ್ಲರಿಗೂ ಆರನೇ ತಿಂಗಳಿಗೆ ಸಿಟಿ ಬರೆಯುವ ರೂಢಿಯಿತ್ತು, ಈಗ ಅದರ ಅಗತ್ಯವಿಲ್ಲ. ಯುರೋಪಿನ ಸಂಘದ 2019ರ ಮಾರ್ಗಸೂಚಿ ಇನ್ನೂ ಧಾರಾಳಿ: ಸೋರಿಕೆ ಇಲ್ಲ, ಎರಡೂ ತುದಿಯಲ್ಲಿ ಹಿಡಿತ 10 ಮಿ.ಮೀ. ಅಥವಾ ಹೆಚ್ಚು, ತುಂಡುಗಳ ಜೋಡಣೆ ಭದ್ರ ಎಂದಾದರೆ ಮುಂದಿನ ಸ್ಕ್ಯಾನನ್ನು ಐದು ವರ್ಷದವರೆಗೂ ಮುಂದೂಡಬಹುದು ಎನ್ನುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ವರ್ಷಕ್ಕೊಂದು ಡಾಪ್ಲರ್ ಮಾಡಿಸುವುದೇ ಮೇಲು. ಅದರಲ್ಲಿ ವಿಕಿರಣ ಇಲ್ಲ, ಕಿಡ್ನಿಗೆ ಹೊರೆ ಇಲ್ಲ. ಮೇಲಾಗಿ ಐದು ವರ್ಷ ಆಸ್ಪತ್ರೆ ಕಡೆ ತಲೆ ಹಾಕದವರು ಆರನೇ ವರ್ಷ ನೆನಪಿಟ್ಟುಕೊಂಡು ಬರುವುದು ಅಪರೂಪ.

ಎದೆಯ ಭಾಗದ ಗ್ರಾಫ್ಟ್ ಆದರೆ ಅಲ್ಟ್ರಾಸೌಂಡ್ ಕೆಲಸಕ್ಕೆ ಬಾರದು, ಶ್ವಾಸಕೋಶದ ಗಾಳಿ ಮತ್ತು ಮೂಳೆ ಅಡ್ಡ ಬರುತ್ತವೆ. 1ನೇ ತಿಂಗಳು, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ಸಿಟಿಯೇ ಬೇಕು. ಮಹಾಪಧಮನಿಯ ಒಳಪದರ ಸೀಳಿದ್ದಕ್ಕೆ, ಅಂದರೆ ಡಿಸೆಕ್ಷನ್‌ಗೆ, ಹಾಕಿದ್ದರೆ ಆರನೇ ತಿಂಗಳೂ ಸೇರಿಸುವುದುಂಟು. ಕಿಡ್ನಿ ಮತ್ತು ಕರುಳಿನ ನಾಳಗಳಿಗೆ ಕಿಟಕಿ ಅಥವಾ ಕವಲು ಇಟ್ಟ ಗ್ರಾಫ್ಟ್‌ಗಳಲ್ಲಿ ಕೀಲುಗಳು ಹೆಚ್ಚು, ಕೆಡುವ ಜಾಗಗಳೂ ಹೆಚ್ಚು. ಅಲ್ಲೂ ವರ್ಷಕ್ಕೊಂದು ಸಿಟಿ.

ಸಿಟಿ ಆಂಜಿಯೋ ದಿನ

ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಹೇಳುವ ಕ್ರಿಯೇಟಿನಿನ್ ಮತ್ತು ಇಜಿಎಫ್‌ಆರ್ ರಿಪೋರ್ಟ್ ಕೈಯಲ್ಲಿರಲಿ. ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಕಾಂಟ್ರಾಸ್ಟ್ ಕೊಡುವ ಮುಂಚೆ ವೈದ್ಯರು ಇನ್ನೊಮ್ಮೆ ಯೋಚಿಸಬೇಕಾಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಿ. ಕಿಡ್ನಿ ಇಷ್ಟು ದುರ್ಬಲವಾಗಿದ್ದರೆ ಪರೀಕ್ಷೆಯ ನಂತರ 48 ಗಂಟೆ ಅದನ್ನು ನಿಲ್ಲಿಸಿ, ಕ್ರಿಯೇಟಿನಿನ್ ಮತ್ತೆ ನೋಡಿದ ಮೇಲೆ ಶುರುಮಾಡಿಸುತ್ತಾರೆ. ಹಿಂದೆ ಕಾಂಟ್ರಾಸ್ಟ್‌ಗೆ ಮೈಯೆಲ್ಲ ಗಂದೆ ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಅದನ್ನು ಸ್ಕ್ಯಾನ್ ಮೇಜಿನ ಮೇಲೆ ಮಲಗಿದಾಗ ಅಲ್ಲ, ದಿನ ಗೊತ್ತು ಮಾಡುವಾಗಲೇ ತಿಳಿಸಬೇಕು. ಬೇರೆ ತೊಂದರೆ ಇಲ್ಲದವರು ಹಿಂದಿನ ದಿನ ಚೆನ್ನಾಗಿ ನೀರು ಕುಡಿಯಿರಿ.

ಹೊಟ್ಟೆಯ ಸಾಧಾರಣ ಸಿಟಿಗೆ ಬಿಳಿ ದ್ರಾವಣ ಕುಡಿಸುವ ರೂಢಿಯಿದೆ. ಈ ಪರೀಕ್ಷೆಗೆ ಅದು ಬೇಡ. ಕರುಳಲ್ಲಿ ಬೆಳ್ಳಗೆ ಹೊಳೆಯುವ ದ್ರಾವಣ ಪಕ್ಕದ ಸಣ್ಣ ಸೋರಿಕೆಯನ್ನು ಮುಚ್ಚಿಹಾಕುತ್ತದೆ. ಯಾರಾದರೂ ಬಾಟಲಿ ಕೈಗಿತ್ತರೆ, ಇದು ಗ್ರಾಫ್ಟ್ ನೋಡುವ ಆಂಜಿಯೋ ಎಂದು ನೆನಪಿಸಿ.

ಸೂಜಿ ಮೊಣಕೈ ಮಡಿಕೆಯ ದೊಡ್ಡ ರಕ್ತನಾಳಕ್ಕೆ, 18 ಅಥವಾ 20 ಗೇಜ್. ಎದೆಯ ಗ್ರಾಫ್ಟ್ ಆದರೆ ಬಲಗೈಯೇ ಒಳ್ಳೆಯದು. ಎಡಗೈಯಿಂದ ಹೋಗುವ ಗಾಢ ಕಾಂಟ್ರಾಸ್ಟ್ ಮಹಾಪಧಮನಿಯ ಕಮಾನಿನ ಮುಂದೆಯೇ ಹಾದು, ಗೆರೆಗೆರೆ ಎಬ್ಬಿಸಿ ಚಿತ್ರ ಕೆಡಿಸುತ್ತದೆ. ಸಾಮಾನ್ಯವಾಗಿ 80ರಿಂದ 100 ಮಿ.ಲೀ. ಕಾಂಟ್ರಾಸ್ಟನ್ನು ಸೆಕೆಂಡಿಗೆ 4ರಿಂದ 5 ಮಿ.ಲೀ. ವೇಗದಲ್ಲಿ ಬಿಟ್ಟು, ಹಿಂದೆಯೇ 30–40 ಮಿ.ಲೀ. ಸಲೈನ್ ತಳ್ಳುತ್ತಾರೆ. ಮೈ ಬಿಸಿಯಾಗುತ್ತದೆ, ಮೂತ್ರ ಹೋದಂತೆ ಅನ್ನಿಸುತ್ತದೆ, ಅರ್ಧ ನಿಮಿಷದಲ್ಲಿ ಇಳಿಯುತ್ತದೆ.

ಈ ಸಿಟಿ ಮೂರು ಸುತ್ತಿನದು. ಮೊದಲ ಸುತ್ತು ಕಾಂಟ್ರಾಸ್ಟ್ ಇಲ್ಲದೆ. ಚೀಲದಲ್ಲಿ ಹೆಪ್ಪುಗಟ್ಟಿದ ರಕ್ತದ ನಡುವೆ ಸುಣ್ಣದ ಚೂರುಗಳಿರುತ್ತವೆ, ಹಳೆಯ ಕಾಯಿಲ್ ಅಥವಾ ನಾಳ ಮುಚ್ಚಲು ಹಾಕಿದ ಅಂಟು ಇರಬಹುದು. ಇವೆಲ್ಲ ಕಾಂಟ್ರಾಸ್ಟಿನ ಹಾಗೆಯೇ ಬೆಳ್ಳಗೆ ಕಾಣುತ್ತವೆ. ಮೊದಲ ಸುತ್ತಿನಲ್ಲೂ ಬಿಳಿ, ಎರಡನೆಯದರಲ್ಲೂ ಬಿಳಿ ಎಂದರೆ ಸುಣ್ಣ. ಮೊದಲು ಇಲ್ಲದೆ ಆಮೇಲೆ ಬಂದ ಬಿಳಿ ಮಾತ್ರ ಸೋರಿಕೆ. ಎರಡನೇ ಸುತ್ತು ಕಾಂಟ್ರಾಸ್ಟ್ ಮಹಾಪಧಮನಿಯಲ್ಲಿ ತುಂಬಿ ಹರಿಯುವಾಗ. ಮೂರನೆಯದು ತಡವಾಗಿ, ಒಂದರಿಂದ ಐದು ನಿಮಿಷದೊಳಗೆ. ಸೊಂಟದ ಸಣ್ಣ ನಾಳಗಳಿಂದ ನಿಧಾನಕ್ಕೆ ಹಿಮ್ಮುಖವಾಗಿ ಬರುವ ಸೋರಿಕೆ ಎರಡನೇ ಸುತ್ತಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಇಲ್ಲಿ ಸಿಕ್ಕಿಬೀಳುತ್ತದೆ. ಪ್ರತಿ ಸುತ್ತಿಗೂ ವಿಕಿರಣ ಇದೆಯಲ್ಲ ಎನ್ನುವುದು ನ್ಯಾಯವಾದ ಪ್ರಶ್ನೆಯೇ. ಎರಡು ಶಕ್ತಿಯ ಎಕ್ಸ್-ರೇ ಬಳಸುವ ಡ್ಯುಯಲ್ ಎನರ್ಜಿ ಯಂತ್ರವಿದ್ದಲ್ಲಿ ಕಾಂಟ್ರಾಸ್ಟ್ ಇಲ್ಲದ ಚಿತ್ರವನ್ನು ಲೆಕ್ಕಾಚಾರದಿಂದಲೇ ಪಡೆದು ಒಂದು ಸುತ್ತು ಉಳಿಸಬಹುದು. ಆದರೆ ಮೊದಲ ತಿಂಗಳ ಸಿಟಿಯಲ್ಲಿ ಮಾತ್ರ ಮೂರೂ ಇರಲಿ.

ಸ್ಲೈಸ್ ದಪ್ಪ 1 ಮಿ.ಮೀ. ಆಸುಪಾಸಿನಲ್ಲಿರಬೇಕು. 5 ಮಿ.ಮೀ. ಸ್ಲೈಸ್ ಮಾತ್ರ ಉಳಿಸಿಕೊಟ್ಟರೆ ಮುರಿದ ತಂತಿ, ಸಣ್ಣ ಸೋರಿಕೆ ಎರಡೂ ತಪ್ಪಿಹೋಗುತ್ತವೆ. ಸಿಡಿ ಪಡೆಯುವಾಗ ತೆಳು ಸ್ಲೈಸ್ ಸೇರಿದೆಯೇ ಎಂದು ಕೇಳಿ.

ಅಳತೆ: ಹೆಚ್ಚು ಎಡವಟ್ಟಾಗುವುದು ಇಲ್ಲೇ

ಸೋರಿಕೆ ಇದೆಯೋ ಇಲ್ಲವೋ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆ, ಚೀಲ ಕುಗ್ಗುತ್ತಿದೆಯೋ, ಹಾಗೇ ಇದೆಯೋ, ಹಿಗ್ಗುತ್ತಿದೆಯೋ. ಕುಗ್ಗುವುದು ಎಲ್ಲಕ್ಕಿಂತ ಒಳ್ಳೆಯ ಸೂಚನೆ. ಹಿಗ್ಗುತ್ತಿದ್ದರೆ, ಸೋರಿಕೆ ಕಾಣದಿದ್ದರೂ ಒಳಗೆ ಒತ್ತಡ ಇದೆ ಎಂದೇ ಅರ್ಥ. ಹೀಗಿರುವಾಗ ‘ಸ್ಟೆಂಟ್ ಗ್ರಾಫ್ಟ್ ಸ್ವಸ್ಥಾನದಲ್ಲಿದೆ, ರಕ್ತಸಂಚಾರ ಸರಿಯಿದೆ’ ಎಂದಷ್ಟೇ ಬರೆದು, ಚೀಲದ ಅಗಲ ನಮೂದಿಸದ ವರದಿ ಅರ್ಧ ವರದಿ. ವಾಪಸ್ ಹೋಗಿ ಅಗಲ ಬರೆಸಿಕೊಳ್ಳಿ, ಸಂಕೋಚ ಬೇಡ.

ಅಗಲವನ್ನು ಹೇಗೆ ಅಳೆದರು ಎಂಬುದೂ ಮುಖ್ಯ. ಮಹಾಪಧಮನಿ ನೆಟ್ಟಗೆ ಇರುವುದಿಲ್ಲ, ವಯಸ್ಸಾದವರಲ್ಲಿ ಸೊಟ್ಟಗಿರುತ್ತದೆ. 60 ಮಿ.ಮೀ. ಅಗಲದ ಚೀಲ 30 ಡಿಗ್ರಿ ವಾಲಿದೆ ಎಂದುಕೊಳ್ಳಿ. ಅಡ್ಡ ಸ್ಲೈಸಿನ ಮೇಲೆ ಅದರ ಉದ್ದನೆಯ ಅಕ್ಷ ಅಳೆದರೆ ಸುಮಾರು 69 ಮಿ.ಮೀ. ಬರುತ್ತದೆ. ನಾಳದ ನಡುಗೆರೆಗೆ ಲಂಬವಾಗಿ ಕತ್ತರಿಸಿ ಅಳೆದರೆ 60. ಒಂದು ವರ್ಷ ಹೀಗೆ, ಇನ್ನೊಂದು ವರ್ಷ ಹಾಗೆ ಅಳೆದರೆ, ಏನೂ ಆಗದ ಚೀಲ 9 ಮಿ.ಮೀ. ಬೆಳೆದಂತೆ ಕಾಣುತ್ತದೆ, ನಿಜವಾಗಿ ಬೆಳೆದದ್ದು ಮುಚ್ಚಿಹೋಗಲೂಬಹುದು. ಆದ್ದರಿಂದ ಪ್ರತಿ ಸಲವೂ ನಡುಗೆರೆಗೆ ಲಂಬವಾಗಿ, ಹೊರಗೋಡೆಯಿಂದ ಹೊರಗೋಡೆಗೆ, ಅತಿ ಅಗಲವಾದ ಕಡೆ. ಸಿಟಿಯನ್ನು ಸಿಟಿಯ ಜೊತೆ, ಡಾಪ್ಲರನ್ನು ಡಾಪ್ಲರಿನ ಜೊತೆ ಮಾತ್ರ ಹೋಲಿಸಬೇಕು. ಅಲ್ಟ್ರಾಸೌಂಡ್ ಅಳತೆ ಸಾಮಾನ್ಯವಾಗಿ ಸಿಟಿಗಿಂತ ಕೆಲವು ಮಿಲಿಮೀಟರ್ ಕಡಿಮೆಯೇ ಬರುತ್ತದೆ.

ಇಬ್ಬರು ಅಳೆದರೆ ಎರಡು ಉತ್ತರ ಬರುವುದುಂಟು. 5 ಮಿ.ಮೀ. ಒಳಗಿನ ವ್ಯತ್ಯಾಸವನ್ನು ಬೆಳವಣಿಗೆ ಎಂದು ಕರೆಯುವುದಿಲ್ಲ ಎನ್ನುವ ನಿಯಮ ಬಂದದ್ದು ಇದರಿಂದ. ನಿಯಮ ಸರಿ, ಆದರೆ ಅದರಲ್ಲೊಂದು ಗುಂಡಿ ಇದೆ. ಈ ಸಾಲನ್ನು ನೋಡಿ: ಮೊದಲ ತಿಂಗಳು 58, ಮೊದಲ ವರ್ಷ 57, ಎರಡನೇ ವರ್ಷ 59, ಮೂರನೇ ವರ್ಷ 61, ನಾಲ್ಕನೇ ವರ್ಷ 63. ಪ್ರತಿ ವರದಿಯೂ ಹಿಂದಿನ ವರ್ಷದ್ದನ್ನೇ ನೋಡಿ, ‘1–2 ಮಿ.ಮೀ. ವ್ಯತ್ಯಾಸ, ಗಮನಾರ್ಹ ಬದಲಾವಣೆ ಇಲ್ಲ’ ಎಂದು ಬರೆಯುತ್ತದೆ. ನಾಲ್ಕು ವರದಿಯೂ ತನ್ನ ಮಟ್ಟಿಗೆ ಸರಿಯೇ. ಅತಿ ಕಡಿಮೆ ಇದ್ದ 57ರ ಜೊತೆ ಹೋಲಿಸಿದರೆ ಮಾತ್ರ 6 ಮಿ.ಮೀ. ಬೆಳೆದಿರುವುದು ಎದ್ದು ಕಾಣುತ್ತದೆ. ಹಾಗಾಗಿ ಮನೆಯಲ್ಲಿ ಒಂದು ಪುಸ್ತಕವಿಡಿ. ದಿನಾಂಕ, ಯಾವ ಸ್ಕ್ಯಾನ್, ಚೀಲದ ಅಗಲ, ಸೋರಿಕೆಯ ವಿಧ, ಕ್ರಿಯೇಟಿನಿನ್. ಒಂದು ಸ್ಕ್ಯಾನಿಗೆ ಒಂದು ಸಾಲು ಸಾಕು. ವೈದ್ಯರ ಮುಂದೆ ಕೂತಾಗ ಹೊಸ ಸಂಖ್ಯೆಯನ್ನು ಹಿಂದಿನ ವರ್ಷದ್ದಕ್ಕಲ್ಲ, ಆ ಪುಟದ ಅತಿ ಸಣ್ಣ ಸಂಖ್ಯೆಗೆ ಹೋಲಿಸಿ ಕೇಳಿ.

ಸೋರಿಕೆಯ ವಿಧಗಳು

ವರದಿಯಲ್ಲಿ ಸೋರಿಕೆಗೆ ಎಂಡೋಲೀಕ್ ಎಂದು ಬರೆಯುತ್ತಾರೆ, ಆ ಪದ ಕಂಡ ಕೂಡಲೇ ಗಾಬರಿಯಾಗುತ್ತಾರೆ. ಪಕ್ಕದ ಸಂಖ್ಯೆ ನೋಡದೆ ಗಾಬರಿ ಬೇಡ, ನೆಮ್ಮದಿಯೂ ಬೇಡ.

ಒಂದನೇ ವಿಧ: ಗ್ರಾಫ್ಟಿನ ಮೇಲಿನ ಅಥವಾ ಕೆಳಗಿನ ತುದಿಯ ಹಿಡಿತ ಬಿಟ್ಟು ರಕ್ತ ನುಗ್ಗುವುದು. ಮೂರನೇ ವಿಧ: ತುಂಡುಗಳ ನಡುವಿನ ಕೀಲು ಕಳಚುವುದು ಅಥವಾ ಬಟ್ಟೆ ಹರಿಯುವುದು. ಎರಡರಲ್ಲೂ ಮಹಾಪಧಮನಿಯ ಪೂರ್ಣ ಒತ್ತಡ ನೇರವಾಗಿ ಚೀಲದ ಗೋಡೆಗೆ ಬೀಳುತ್ತದೆ. ಇವಕ್ಕೆ ಕಾದು ನೋಡುವುದು ಎಂಬುದಿಲ್ಲ, ಸರಿಪಡಿಸಲೇಬೇಕು. ಮುಂದಿನ ಅಪಾಯಿಂಟ್‌ಮೆಂಟ್ ಮೂರು ತಿಂಗಳ ನಂತರ ಇದ್ದರೆ ಅದನ್ನು ಕಾಯದೆ ಅದೇ ವಾರ ಚಿಕಿತ್ಸೆ ಮಾಡಿದ ತಂಡಕ್ಕೆ ವರದಿ ಮುಟ್ಟಿಸಿ.

ಎರಡನೇ ವಿಧ ಎಲ್ಲಕ್ಕಿಂತ ಸಾಮಾನ್ಯ. ಚೀಲದಿಂದ ಹೊರಡುತ್ತಿದ್ದ ಸಣ್ಣ ಕವಲುಗಳು, ಅಂದರೆ ಬೆನ್ನಿನ ಕಡೆಯ ಲಂಬಾರ್ ನಾಳಗಳು ಮತ್ತು ದೊಡ್ಡ ಕರುಳಿನ ಕೆಳಭಾಗಕ್ಕೆ ಹೋಗುವ ನಾಳ, ಹಿಮ್ಮುಖವಾಗಿ ರಕ್ತ ತಂದು ಸುರಿಯುವುದು. ಬಹಳಷ್ಟು ಮೊದಲ ಆರು ತಿಂಗಳಲ್ಲಿ ತಾವೇ ಮುಚ್ಚಿಕೊಳ್ಳುತ್ತವೆ. ಚೀಲ ಬೆಳೆಯದಿದ್ದರೆ ಮುಟ್ಟುವುದಿಲ್ಲ, ಗಮನಿಸುತ್ತಾರೆ. ಬೆಳೆದರೆ ಯಾವಾಗ ಕೈಹಾಕಬೇಕು ಎಂಬುದರಲ್ಲಿ ಒಮ್ಮತವಿಲ್ಲ: ಅಮೆರಿಕದವರು 5 ಮಿ.ಮೀ.ಗಿಂತ ಹೆಚ್ಚಾದರೆ ಎನ್ನುತ್ತಾರೆ, ಯುರೋಪಿನವರು 10 ಮಿ.ಮೀ.ವರೆಗೆ ಕಾಯುತ್ತಾರೆ. ನಮ್ಮ ಒತ್ತು ಬೇರೆ ಕಡೆಗಿದೆ. ಬೆಳೆಯುತ್ತಿರುವ ಚೀಲದಲ್ಲಿ ‘ಎರಡನೇ ವಿಧ’ ಎಂದು ಬರೆದಿದ್ದರೆ, ಅದು ನಿಜಕ್ಕೂ ಎರಡನೆಯದೇ, ಹಿಂದೆ ಅಡಗಿರುವ ಒಂದನೆಯದೋ ಮೂರನೆಯದೋ ಅಲ್ಲವೇ ಎಂದು ಖಚಿತಪಡಿಸಿಕೊಳ್ಳಬೇಕು. ಸಿಟಿ ನಿಂತ ಚಿತ್ರ, ರಕ್ತ ಯಾವ ದಿಕ್ಕಿಗೆ ಹರಿಯುತ್ತಿದೆ ಎಂದು ಹೇಳಲಾರದು. ಡಾಪ್ಲರ್ ಹೇಳುತ್ತದೆ.

ನಾಲ್ಕನೆಯದು ಹೊಸ ಬಟ್ಟೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗುವುದು, ಮೊದಲ ತಿಂಗಳಲ್ಲೇ ನಿಲ್ಲುತ್ತದೆ. ಐದನೆಯದೆಂದರೆ ಸೋರಿಕೆ ಕಾಣದೆ ಚೀಲ ಹಿಗ್ಗುವುದು; ಹಣೆಪಟ್ಟಿ ಹಚ್ಚುವ ಮುಂಚೆ ಬೇರೊಂದು ಬಗೆಯ ಸ್ಕ್ಯಾನ್‌ನಲ್ಲಿ ಹುಡುಕಿರಬೇಕು.

ಸೋರಿಕೆಯ ಹೊರತಾಗಿ ವರದಿಯಲ್ಲಿ ಇನ್ನೂ ಮೂರು ವಿಷಯ ಹುಡುಕಿ. ಕೆಳಗಿನ ಕಿಡ್ನಿ ನಾಳದಿಂದ ಗ್ರಾಫ್ಟಿನ ಮೇಲಂಚಿಗೆ ಎಷ್ಟು ದೂರ. ಮೊದಲ ಸಿಟಿಗಿಂತ 10 ಮಿ.ಮೀ. ಜಾರಿದ್ದರೆ ಅದು ಸ್ಥಾನಪಲ್ಲಟ. ಗ್ರಾಫ್ಟಿನ ಮೇಲಿನ ತುದಿ ಹಿಡಿದು ನಿಂತಿರುವ, ಚೀಲದ ಮೇಲಿನ ಮಹಾಪಧಮನಿಯ ‘ಕತ್ತು’ ಅಗಲವಾಗುತ್ತಿದೆಯೇ. ಕಾಲುಗಳ ಕಡೆಗಿನ ಕವಲುಗಳಲ್ಲಿ ಮಡಿಕೆ ಅಥವಾ ಒಳಗೆ ಹೆಪ್ಪು ಇದೆಯೇ. ಚೀಲ ಚೆನ್ನಾಗಿ ಕುಗ್ಗಿದವರಲ್ಲೂ ಈ ಮೂರನೆಯದನ್ನು ನೋಡಬೇಕು, ಕುಗ್ಗುವ ಚೀಲ ಕವಲನ್ನು ಎಳೆದು ಬಗ್ಗಿಸಬಲ್ಲದು.

ಮೊದಲ ವಾರದ ಸಿಟಿಯಲ್ಲಿ ಚೀಲದೊಳಗೆ ಗಾಳಿಗುಳ್ಳೆ ಕಾಣುವುದು, ಸ್ವಲ್ಪ ಜ್ವರ ಬರುವುದು ಸಾಮಾನ್ಯ. ತಿಂಗಳುಗಳ ನಂತರ ಹೊಸದಾಗಿ ಗಾಳಿ ಕಂಡರೆ ಮಾತ್ರ ಸೋಂಕೆಂದೇ ಅನುಮಾನಿಸಬೇಕು.

ಡಾಪ್ಲರ್, ಎಕ್ಸ್-ರೇ, ಎಂಆರ್‌ಐ

ಡಾಪ್ಲರ್‌ಗೆ 6ರಿಂದ 8 ಗಂಟೆ ಖಾಲಿ ಹೊಟ್ಟೆಯಲ್ಲಿರಿ, ಇಲ್ಲದಿದ್ದರೆ ಗ್ಯಾಸ್ ಅಡ್ಡ ಬಂದು ಏನೂ ಕಾಣುವುದಿಲ್ಲ. ಚೀಟಿಯಲ್ಲಿ ‘ಹೊಟ್ಟೆಯ ಸ್ಕ್ಯಾನ್’ ಎಂದು ಬರೆಸಿಕೊಂಡರೆ ಪಿತ್ತಕೋಶ, ಯಕೃತ್ತು ನೋಡಿ ಕಳಿಸುತ್ತಾರೆ. ‘ಈವಾರ್ ನಂತರದ ಮಹಾಪಧಮನಿ ಡಾಪ್ಲರ್: ಚೀಲದ ಅಗಲ, ಎಂಡೋಲೀಕ್, ಎರಡೂ ಕವಲುಗಳ ರಕ್ತದ ವೇಗ’ ಎಂದೇ ಬರೆಸಿ. ಅಳತೆ, ಹುಡುಕಾಟ ಎಲ್ಲ ಸೇರಿ ಅರ್ಧ ಗಂಟೆ ಹಿಡಿಯುತ್ತದೆ. ಐದು ನಿಮಿಷದಲ್ಲಿ ಮುಗಿದರೆ ಸೋರಿಕೆ ಹುಡುಕಿಲ್ಲ ಎಂದೇ ತಿಳಿಯಿರಿ. ಮಾಡುವವರಿಗೊಂದು ಮಾತು: 2–5 ಮೆಗಾಹರ್ಟ್ಸ್ ಪ್ರೋಬ್, ಕೋನ 60 ಡಿಗ್ರಿ ಮೀರದಿರಲಿ, ಚೀಲದೊಳಗೆ ಹುಡುಕುವಾಗ ವೇಗದ ಸ್ಕೇಲ್ ಮತ್ತು ವಾಲ್ ಫಿಲ್ಟರ್ ಎರಡನ್ನೂ ಇಳಿಸಿ. ಗ್ರಾಫ್ಟಿನೊಳಗಿನ ವೇಗಕ್ಕೆ ಹೊಂದಿಸಿದ ಸ್ಕೇಲಿನಲ್ಲಿ ನಿಧಾನದ ಸೋರಿಕೆ ಬಣ್ಣವೇ ತೋರಿಸುವುದಿಲ್ಲ. ಬಣ್ಣ ಕಂಡಲ್ಲಿ ಅಲೆಯ ರೂಪವನ್ನೂ ದಾಖಲಿಸಿ. ಹಿಂದೆಮುಂದೆ ಓಲಾಡುವ ಅಲೆ ಎರಡನೇ ವಿಧದ ಗುರುತು.

ಸ್ಥೂಲಕಾಯ ಅಥವಾ ಗ್ಯಾಸಿನಿಂದ ಸರಿಯಾಗಿ ಕಾಣದಿದ್ದರೆ, ಚೀಲದ ಅಗಲ 5 ಮಿ.ಮೀ. ಹೆಚ್ಚಿದ್ದರೆ, ಹೊಸ ಸೋರಿಕೆ ಸಿಕ್ಕರೆ ಸಿಟಿಗೆ ಹೋಗಬೇಕು. ಕಿಡ್ನಿ ಕೆಟ್ಟವರಿಗೆ ಸೂಕ್ಷ್ಮಗುಳ್ಳೆಗಳ ಕಾಂಟ್ರಾಸ್ಟ್ ಕೊಟ್ಟು ಮಾಡುವ ಅಲ್ಟ್ರಾಸೌಂಡ್ ತುಂಬ ಉಪಯುಕ್ತ. ಆ ಗುಳ್ಳೆಗಳ ಅನಿಲ ಉಸಿರಿನ ಮೂಲಕ ಹೊರಹೋಗುತ್ತದೆ, ಕಿಡ್ನಿಗೆ ಅದರ ಹೊರೆಯಿಲ್ಲ.

ಎಕ್ಸ್-ರೇಯನ್ನು ಈಚೆಗೆ ಎಲ್ಲರೂ ಮರೆತಂತಿದೆ, ಅದು ಸರಿಯಲ್ಲ. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಓರೆಯಾಗಿ ಎರಡು, ಪ್ರತಿ ವರ್ಷ ಅದೇ ದೂರದಿಂದ ತೆಗೆದರೆ ಮುರಿದ ತಂತಿ, ಬಿಡಿಸಿಕೊಂಡ ತುಂಡು, ಜಾರಿದ ಗ್ರಾಫ್ಟ್ ಚೆನ್ನಾಗಿ ಕಾಣುತ್ತವೆ. ಡಾಪ್ಲರ್ ತೋರಿಸದ್ದನ್ನು ಇದು ತೋರಿಸುತ್ತದೆ, ಹಾಗಾಗಿ ಎರಡೂ ಜೊತೆಗಿದ್ದರೆ ಚೆನ್ನ.

ಎಂಆರ್‌ಐ ಸಣ್ಣ ಸೋರಿಕೆಯನ್ನು ಸಿಟಿಗಿಂತ ಚೆನ್ನಾಗಿ ಹಿಡಿಯುತ್ತದೆ, ಆದರೆ ಅದು ಗ್ರಾಫ್ಟಿನ ಲೋಹದ ಮೇಲೆ ನಿಂತಿದೆ. ನಿಟಿನಾಲ್ (ನಿಕ್ಕಲ್–ಟೈಟಾನಿಯಂ ಮಿಶ್ರಲೋಹ) ಆದರೆ ಚಿತ್ರ ಸ್ಪಷ್ಟ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಸುತ್ತ ಕಪ್ಪು ಕವಿದು ನೋಡಬೇಕಾದ್ದೇ ಮರೆಯಾಗುತ್ತದೆ. ಇಂಪ್ಲಾಂಟ್ ಕಾರ್ಡ್ ತೋರಿಸಿದ ಮೇಲೆಯೇ ದಿನ ಗೊತ್ತುಮಾಡಿಸಿ.

ಸ್ಕ್ಯಾನ್ ದಿನಕ್ಕೆ ಕಾಯಬಾರದ ಲಕ್ಷಣಗಳು

ಹೊಟ್ಟೆ, ಬೆನ್ನು ಅಥವಾ ಪಕ್ಕೆಯಲ್ಲಿ ಹಠಾತ್ತನೆ ಜೋರು ನೋವು, ಕಣ್ಣು ಕತ್ತಲಿಟ್ಟು ಬೀಳುವುದು: ಚೀಲ ಒಡೆಯುತ್ತಿರಬಹುದು. ಒಂದು ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಳ್ಳುವುದು, ಅಥವಾ ಸ್ವಲ್ಪ ನಡೆದರೆ ಮೀನಖಂಡ ಹಿಡಿದುಕೊಳ್ಳಲು ಶುರುವಾಗುವುದು: ಕವಲು ಮುಚ್ಚಿರಬಹುದು, ಇದು ಮೊದಲ ಕೆಲವು ತಿಂಗಳಲ್ಲೇ ಹೆಚ್ಚು. ಬಿಡದ ಜ್ವರದ ಜೊತೆ ಬೆನ್ನುನೋವು, ರಕ್ತವಾಂತಿ, ಕಪ್ಪು ಮಲ: ಗ್ರಾಫ್ಟ್ ಸೋಂಕು ಅಥವಾ ಅದು ಕರುಳಿಗೆ ಕೊರೆದಿರುವ ಸಾಧ್ಯತೆ. ಕಿಡ್ನಿ ಕಲ್ಲಿನ ನೋವಿರಬೇಕೆಂದು ಮಾತ್ರೆ ನುಂಗಿ ಕೂರಬೇಡಿ. ತುರ್ತು ವಿಭಾಗಕ್ಕೆ ಹೋದಾಗ ‘ಹೊಟ್ಟೆನೋವು’ ಎನ್ನುವ ಮುಂಚೆ ‘ಮಹಾಪಧಮನಿಗೆ ಸ್ಟೆಂಟ್ ಗ್ರಾಫ್ಟ್ ಹಾಕಿದೆ’ ಎಂದು ಹೇಳಿ, ಕಾರ್ಡ್ ಮತ್ತು ಕೊನೆಯ ಸಿಟಿಯ ಪೆನ್‌ಡ್ರೈವ್ ಕೈಗೆ ಕೊಡಿ. ಅಲ್ಲಿ ಮೊದಲು ಆಗಬೇಕಾದ್ದು ಅಲ್ಟ್ರಾಸೌಂಡ್ ಅಲ್ಲ, ಸಿಟಿ ಆಂಜಿಯೋ.